ಮನೆಯಲ್ಲಿ ಇಡಲು ಮಿನಿ ಲೇತ್: ಯಾವುದು ತಗೊಳ್ಳಲಿ, ಮೊದಲು ಏನು ಕಲಿಯಲಿ?

ಚಾಮುಂಡಿ ತಪ್ಪಲು:

ಎಲ್ಲರಿಗೂ ನಮಸ್ಕಾರ. ಬಿಸಿ ಟೀ ಲೋಟದ ಮೇಲೆ ಇಟ್ಟರೆ ತಿರುಗುವ ಪುಟ್ಟ ಸ್ಟರ್ಲಿಂಗ್ ಎಂಜಿನ್ ಒಂದನ್ನು ಕೈಯಾರೆ ಮಾಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಪಿಸ್ಟನ್, ಹಿತ್ತಾಳೆ ಸಿಲಿಂಡರ್, 90 ಮಿಮೀ ಅಲ್ಯೂಮಿನಿಯಂ ಫ್ಲೈವೀಲ್, ಕೆಲವು ಬುಷ್ (ದಂಡ ಕೂರುವ ಪುಟ್ಟ ಕೊಳವೆ), ಇಷ್ಟೇ. ಇವನ್ನು ಮಾಡೋಕೆ ಲೇತ್ ಬೇಕು, ಅಂದರೆ ಲೋಹವನ್ನು ತಿರುಗಿಸಿ ಟೂಲ್‌ನಿಂದ ಕೆತ್ತುವ ಯಂತ್ರ. ಒಂದು ಸಲ ಹೊರಗೆ ಕೊಟ್ಟು ಮಾಡಿಸಿದೆ, ಪಿಸ್ಟನ್ ಸಡಿಲವಾಗಿ ಬಂತು. ಒಂದೇ ಒಂದು ಪೀಸ್‌ಗೆ ಮತ್ತೆ ಸೆಟ್ಟಿಂಗ್ ಮಾಡಿ ಅಂತ ಕೇಳೋಕೆ ನನಗೂ ಮನಸ್ಸಾಗಲಿಲ್ಲ.

ಮೈಸೂರಿನಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ, ಸಿಂಗಲ್ ಫೇಸ್ ಕರೆಂಟ್, ಎಲ್ಲ ಸೇರಿ 1 ಲಕ್ಷದ ಬಜೆಟ್. ಆನ್‌ಲೈನ್‌ನಲ್ಲಿ ಬೇರೆ ಬೇರೆ ಬಣ್ಣ ಬಳಿದು ಮಾರುವ ಚೀನಾ ಮಿನಿ ಲೇತ್ ಇದೆಯಲ್ಲ, 180 ಮಿಮೀ ಸ್ವಿಂಗ್ (ತಿರುಗಿಸಬಹುದಾದ ಅತಿ ದೊಡ್ಡ ಡಯಾ, ಅಂದರೆ ವ್ಯಾಸ), 350 ಮಿಮೀ ಉದ್ದದ್ದು, ಅದನ್ನು ತಗೊಳ್ಳಲಾ? ಅಥವಾ ಪೀಣ್ಯದಲ್ಲಿ ಸೆಕೆಂಡ್ ಹ್ಯಾಂಡ್ ಸಿಗುವ ನಾಲ್ಕೂವರೆ ಅಡಿ ಲೇತ್ ನೋಡಲಾ? ಲೇತ್ ಮುಟ್ಟಿದ್ದು ಕಾಲೇಜಿನ ವರ್ಕ್‌ಶಾಪ್‌ನಲ್ಲಿ ಮಾತ್ರ, ಅದೂ ಹದಿನೈದು ವರ್ಷದ ಹಿಂದೆ.

ಹುಬ್ಬಳ್ಳಿ ಗ್ಯಾರೇಜ್:

ಮೊದಲನೇ ಮಹಡಿ ಅಂದಮೇಲೆ ನಾಲ್ಕೂವರೆ ಅಡಿ ಲೇತ್ ಯೋಚನೆ ಬಿಟ್ಟುಬಿಡಿ. ಅದರ ತೂಕ ನೂರಾರು ಕಿಲೋ, ಮೆಟ್ಟಿಲು ಹತ್ತಿಸೋದೇ ಆಗದ ಮಾತು, ಮೋಟರ್ ಬಹುಪಾಲು ತ್ರೀ ಫೇಸ್. ಮಿನಿ ಲೇತ್ 40 ಕಿಲೋ ಆಸುಪಾಸು, ಇಬ್ಬರು ಹಿಡಿದರೆ ಮೇಜಿನ ಮೇಲೆ ಕೂರುತ್ತದೆ. ನನ್ನ ಹತ್ತಿರ ನಾಲ್ಕು ವರ್ಷದಿಂದ ಅದೇ ಇದೆ.

ಆದರೆ 180 ಅನ್ನೋದು ಬೆಡ್ (ಲೇತ್‌ನ ಉದ್ದನೆಯ ತಳ) ಮೇಲಿನ ಅಳತೆ. ಟೂಲ್ ಅನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಮೇಲೆ ಜಾಗ ಸಿಗೋದು ಸುಮಾರು 110. ನಿಮ್ಮ 90 ಮಿಮೀ ಫ್ಲೈವೀಲ್ ಆಗುತ್ತದೆ, ಮುಂದೆ ಅದಕ್ಕಿಂತ ದೊಡ್ಡದು ಬೇಕು ಅಂದರೆ ಕಷ್ಟ. ಜೊತೆಗೆ ಬರುವ 80 ಮಿಮೀ ಚಕ್‌ನಲ್ಲಿ (ಲೋಹವನ್ನು ಕಚ್ಚಿ ಹಿಡಿದು ತಿರುಗಿಸುವ ಭಾಗ) ಅದನ್ನು ಹೊರಗಿನಿಂದ ಹಿಡಿಯೋಕೂ ಆಗಲ್ಲ, ಮಧ್ಯದ ತೂತಿಗೆ ಮ್ಯಾಂಡ್ರೆಲ್ (ತೂತಿನೊಳಗೆ ಬಿಗಿಯಾಗಿ ಕೂರುವ ಸರಳು) ಮಾಡಿಕೊಂಡು ಹಿಡಿಯಬೇಕು.

ಇನ್ನೊಂದು, ಡಬ್ಬಿಯಿಂದ ತೆಗೆದ ತಕ್ಷಣ ಓಡಿಸಬೇಡಿ. ಸಾಗಿಸುವಾಗ ತುಕ್ಕು ಹಿಡಿಯದಿರಲಿ ಅಂತ ಬಳಿದ ಗ್ರೀಸ್ ಇರುತ್ತದೆ, ಅದರೊಳಗೆ ಫ್ಯಾಕ್ಟರಿಯ ಲೋಹದ ಪುಡಿ. ನಾನು ಒಂದು ಭಾನುವಾರ ಪೂರ್ತಿ ಕೂತು ಸ್ಲೈಡ್‌ಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಹಾಕಿ ಮತ್ತೆ ಜೋಡಿಸಿದೆ. ಗಿಬ್ ಪಟ್ಟಿಗಳ (ಸ್ಲೈಡ್‌ಗಳ ಸಡಿಲ ತೆಗೆಯುವ ಪಟ್ಟಿ) ಸ್ಕ್ರೂ ಎಲ್ಲ ಸಡಿಲ ಇದ್ದವು. ಹಿಡಿ ತಿರುಗಿಸಿದರೆ ಸ್ವಲ್ಪ ಬಿಗಿ ಅನ್ನಿಸಬೇಕು, ಟೂಲ್ ಕೂರಿಸುವ ಟೂಲ್ ಪೋಸ್ಟ್ ಹಿಡಿದು ಅಲ್ಲಾಡಿಸಿದರೆ ಕದಲಬಾರದು. ಅದೊಂದು ಸರಿ ಮಾಡಿದ ಮೇಲೆ ಫಿನಿಶ್ ನನ್ನ ಕಣ್ಣಿಗೇ ನಂಬಿಕೆ ಬಾರದಷ್ಟು ಬದಲಾಯಿತು.

ನನ್ನದರಲ್ಲಿ ಹೆಡ್‌ಸ್ಟಾಕ್ (ಚಕ್ ತಿರುಗಿಸುವ ಪೆಟ್ಟಿಗೆ) ಒಳಗಿನ ಪ್ಲಾಸ್ಟಿಕ್ ಗೇರ್ ಎರಡನೇ ತಿಂಗಳಿಗೇ ಹಲ್ಲು ಕಳೆದುಕೊಂಡಿತು. ಮಾರಿದವರಿಗೆ ಫೋನ್ ಮಾಡಿದರೆ ಇವತ್ತು ನಾಳೆ ಅಂತ ಎರಡು ತಿಂಗಳು ತಳ್ಳಿದರು. ಆದ್ದರಿಂದ ಗೇರ್ ಇಲ್ಲದೆ ಬೆಲ್ಟ್‌ನಲ್ಲೇ ಓಡುವ ಬ್ರಷ್‌ಲೆಸ್ ಮೋಟರಿನ ಮಾಡೆಲ್ ಸಿಕ್ಕಿದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ.

ಪೀಣ್ಯ ಟರ್ನರ್:

ನಾನು ಮೂವತ್ತು ವರ್ಷ ಲೇತ್ ಮೇಲೆ ನಿಂತವನು, ಹೆಚ್‌ಎಂಟಿ ಮಿಷಿನ್‌ನಲ್ಲೇ ಕೈ ಪಳಗಿದ್ದು. ಆ ಮಿಷಿನ್ 3 ಮಿಮೀ ಆಳದ ಕಟ್ ಹಾಕಿದರೂ ಉಸಿರು ಬಿಡುತ್ತಿರಲಿಲ್ಲ. ಚಿಕ್ಕ ಮಿಷಿನ್‌ನಲ್ಲಿ ಕಬ್ಬಿಣಕ್ಕೆ 0.25, ಬಹಳ ಆದರೆ 0.5 ಮಿಮೀ ಸಾಕು. ಅದನ್ನು ಮೀರಿದರೆ ಚಾಟರ್ (ಟೂಲ್ ನಡುಗಿ ಮೈ ಒರಟಾಗೋದು) ಬರುತ್ತದೆ. ತಪ್ಪು ಮಿಷಿನ್‌ದಲ್ಲ ಅಪ್ಪಾ, ಅದರ ಮೈತೂಕ ಅಷ್ಟೇ.

ಲಕ್ಷವನ್ನೂ ಮಿಷಿನ್‌ಗೇ ಹಾಕಬೇಡಿ. ಮೂರರಲ್ಲಿ ಒಂದು ಪಾಲು ಎತ್ತಿಡಿ. ನಾಲ್ಕು ಜಾ (ದವಡೆ) ಚಕ್, ಡ್ರಿಲ್ ಚಕ್, ಸೆಂಟರ್ ಡ್ರಿಲ್, ಡಯಲ್ ಗೇಜ್, ಒಳ್ಳೆ ವರ್ನಿಯರ್, ಒಂದು ಬೆಂಚ್ ಗ್ರೈಂಡರ್ ಇಲ್ಲದೆ ಲೇತ್ ಸುಮ್ನೆ ಕೂತಿರುತ್ತದೆ. ಬೆಂಗಳೂರಿಗೆ ಬಂದಾಗ ಎಸ್‌ಜೆಪಿ ರೋಡ್ ಒಂದು ಸುತ್ತು ಹಾಕಿ. ಟೂಲ್‌ಗೆ ಹೆಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ತಗೊಂಡು ಗ್ರೈಂಡ್ ಮಾಡೋದು ಕಲಿಯಿರಿ. ಎಲ್ಲರೂ ಕಾರ್ಬೈಡ್ ಇನ್ಸರ್ಟ್ (ಟೂಲ್‌ಗೆ ಸಿಕ್ಕಿಸುವ ರೆಡಿಮೇಡ್ ಗಟ್ಟಿ ತುದಿ) ಅಂತಾರೆ. ಆದರೆ ಸಾಮಾನ್ಯ ಕಾರ್ಬೈಡ್‌ಗೆ ವೇಗ ಬೇಕು, ಒತ್ತಡ ಬೇಕು, ಚಿಕ್ಕ ಮಿಷಿನ್ ಅದನ್ನು ಕೊಡಲ್ಲ. ಹರಿತವಾದ ಹೆಚ್‌ಎಸ್‌ಎಸ್ ಬೆಣ್ಣೆ ತೆಗೆದ ಹಾಗೆ ತೆಗೆಯುತ್ತದೆ.

ಟೂಲ್ ಎತ್ತರ ನೋಡೋಕೆ ಹಳೆಯ ಉಪಾಯ ಹೇಳ್ತೀನಿ. ಚಕ್‌ನಲ್ಲಿ ಒಂದು ದುಂಡು ಸರಳು ಹಿಡಿದು, ಮಿಷಿನ್ ನಿಲ್ಲಿಸಿ, ಸರಳಿಗೂ ಟೂಲ್ ಮೂತಿಗೂ ನಡುವೆ ಆರಿಂಚಿನ ತೆಳು ಸ್ಟೀಲ್ ಸ್ಕೇಲ್ ಇಟ್ಟು ಮೆಲ್ಲಗೆ ಒತ್ತಿ. ಸ್ಕೇಲ್ ನೆಟ್ಟಗೆ ನಿಂತರೆ ಟೂಲ್ ಸೆಂಟರ್‌ನಲ್ಲಿದೆ, ಅಂದರೆ ಸರಳಿನ ನಡುಮಟ್ಟದಲ್ಲಿದೆ. ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಅಡಿಗೆ ಶಿಮ್ (ತೆಳು ತಗಡು) ಹಾಕಿ. ಆ ಕಡೆ ವಾಲಿದರೆ ಮೇಲಿದೆ.

ಸ್ಪೀಡ್‌ಗೆ ಬಾಯಿಲೆಕ್ಕ: ಮೈಲ್ಡ್ ಸ್ಟೀಲ್‌ಗೆ 8000 ಅನ್ನು ಜಾಬ್‌ನ (ಕೆತ್ತುವ ತುಂಡಿನ) ಮಿಮೀ ಡಯಾದಿಂದ ಭಾಗಿಸಿ. 20 ಮಿಮೀ ಸರಳಿಗೆ 400 ಆರ್‌ಪಿಎಂ. ಅಲ್ಯೂಮಿನಿಯಂಗೆ ಅದರ ನಾಲ್ಕು ಪಟ್ಟು, ಅಂದರೆ ನಿಮ್ಮ ಫ್ಲೈವೀಲ್‌ಗೆ 350 ಆಸುಪಾಸು.

ಐಟಿಐ ಮೇಡಂ:

ನಾನು ಟರ್ನರ್ ಟ್ರೇಡ್ ಹುಡುಗರಿಗೆ ಮೊದಲ ದಿನ ಹೇಳೋದನ್ನೇ ನಿಮಗೂ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಪಕ್ಕ ನಿಂತು ನೋಡುವವರು ಯಾರೂ ಇರಲ್ಲ. ಚಕ್ ಬಿಗಿಸುವ ಕೀಯಿಂದ ಕೈ ತೆಗೆದರೆ ಕೀ ಚಕ್‌ನಲ್ಲಿ ಇರಬಾರದು. ಗ್ಲೌಸ್ ಬೇಡವೇ ಬೇಡ, ತಿರುಗುವ ಜಾಬ್ ಗ್ಲೌಸ್ ಸಮೇತ ಕೈಯನ್ನು ಎಳೆದುಕೊಳ್ಳುತ್ತದೆ. ಉದ್ದ ತೋಳಿನ ಶರ್ಟ್, ಕೊರಳ ಸರ, ಉಂಗುರ, ಕೈದಾರ ಎಲ್ಲ ತೆಗೆದಿಟ್ಟು ಬನ್ನಿ. ಕೆತ್ತಿದಾಗ ಬರುವ ಲೋಹದ ಸುರುಳಿ ಚಿಪ್ಸ್ ಬ್ಲೇಡಿನಷ್ಟು ಹರಿತ, ಮಿಷಿನ್ ನಿಲ್ಲಿಸಿ ಕೊಕ್ಕೆಯಿಂದ ಎಳೆಯಿರಿ. ಕನ್ನಡಕ ಅರ್ಧ ನಿಮಿಷದ ಕೆಲಸಕ್ಕೂ ಹಾಕಲೇಬೇಕು.

ಹಿತ್ತಾಳೆಗೆ ತೂತು ಹಾಕುವಾಗ ಹೊಸ ಡ್ರಿಲ್ ಬಿಟ್ ಒಳಕ್ಕೆ ಕಚ್ಚಿ ಎಳೆದುಕೊಳ್ಳುತ್ತದೆ. ಬಿಟ್‌ನ ಕತ್ತರಿಸುವ ಅಂಚನ್ನು ಎಣ್ಣೆಕಲ್ಲಿನಲ್ಲಿ ಎರಡು ಸಲ ಉಜ್ಜಿ ಚಪ್ಪಟೆ ಮಾಡಿಕೊಳ್ಳಿ, ಹಾಗೆ ಆಗಲ್ಲ.

ಚಾಮುಂಡಿ ತಪ್ಪಲು:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬ್ರಷ್‌ಲೆಸ್ ಮಿನಿ ಲೇತ್ ಅಂತ ನಿರ್ಧಾರ ಆಯಿತು, ಬಜೆಟ್ ಕೂಡ ಟರ್ನರ್ ಸರ್ ಹೇಳಿದ ಹಾಗೇ ಹಂಚಿಕೊಳ್ಳುತ್ತೇನೆ. ಇನ್ನೆರಡು ಕೇಳಬೇಕು. ಸರಳಿನಿಂದ ಪೀಸ್ ಕತ್ತರಿಸಿ ತೆಗೆಯೋದು, ಅಂದರೆ ಪಾರ್ಟಿಂಗ್, ಚಿಕ್ಕ ಲೇತ್‌ನಲ್ಲಿ ಆಗಲ್ಲ ಅಂತಾರೆ, ನಿಜವಾ? ಮತ್ತೆ ಪಿಸ್ಟನ್ ಸಡಿಲ ಬರದ ಹಾಗೆ ಮಾಡೋದು ಹೇಗೆ?

ಪೀಣ್ಯ ಟರ್ನರ್:

ಪಾರ್ಟಿಂಗ್ ಆಗುತ್ತದೆ. 2 ಮಿಮೀಗಿಂತ ದಪ್ಪದ ಬ್ಲೇಡ್ ಬೇಡ. ಬ್ಲೇಡ್ ಎಷ್ಟು ಬೇಕೋ ಅಷ್ಟೇ ಹೊರಗೆ ಇರಲಿ, ಚಕ್‌ಗೆ ಅಂಟಿದ ಹಾಗೆ ಕತ್ತರಿಸಿ, ಟೂಲ್ ಹೊತ್ತು ಬೆಡ್ ಮೇಲೆ ಸರಿಯುವ ಕ್ಯಾರಿಯೇಜ್ ಲಾಕ್ ಮಾಡಿ, ಸ್ಪೀಡ್ ಅರ್ಧಕ್ಕೆ ಇಳಿಸಿ. ಬ್ರಷ್‌ನಿಂದ ಎಣ್ಣೆ ಹಾಕ್ತಾ ಇರಿ. ಹೆದರಿ ನಿಲ್ಲಿಸಿ ನಿಲ್ಲಿಸಿ ಒತ್ತಬೇಡಿ, ಒಂದೇ ಸಮನೆ ಫೀಡ್ ಕೊಡಿ. ಆಗಲ್ಲ ಅನ್ನಿಸಿದರೆ ಹ್ಯಾಕ್ಸಾದಲ್ಲಿ ಕತ್ತರಿಸಿ ಲೇತ್‌ನಲ್ಲಿ ಫೇಸಿಂಗ್ ಹಾಕಿ (ತುದಿ ಸಮ ಮಾಡಿ), ಅದರಲ್ಲಿ ಯಾವ ಅವಮಾನವೂ ಇಲ್ಲ.

ಪಿಸ್ಟನ್‌ಗೆ ಬರೋಣ. ಮೊದಲು ಸಿಲಿಂಡರಿನ ತೂತು ಮುಗಿಸಿ, ಆಮೇಲೆ ಅದಕ್ಕೆ ತಕ್ಕ ಹಾಗೆ ಪಿಸ್ಟನ್. ಹೊರಗಿನಿಂದ ಒಂದು ಎಳೆ ತೆಗೆಯೋದು ಸುಲಭ, ತೂತನ್ನು ಚಿಕ್ಕದು ಮಾಡೋಕೆ ಆಗಲ್ಲ ಅಲ್ವಾ. ಪಿಸ್ಟನ್‌ಗೆ ಗ್ರಾಫೈಟ್ ಸಿಕ್ಕರೆ ಅದೇ ಒಳ್ಳೆಯದು. ಎಣ್ಣೆ ಹಾಕಬೇಡಿ, ಎಣ್ಣೆಯ ಎಳೆತಕ್ಕೇ ಇಷ್ಟು ಸಣ್ಣ ಎಂಜಿನ್ ನಿಂತುಬಿಡುತ್ತದೆ. ಸಿಲಿಂಡರ್ ನೆಟ್ಟಗೆ ಹಿಡಿದು, ಕೆಳಗೆ ಹೆಬ್ಬೆರಳಿನಿಂದ ಮುಚ್ಚಿ, ಮೇಲಿನಿಂದ ಪಿಸ್ಟನ್ ಬಿಡಿ. ಗಾಳಿಯ ಮೇಲೆ ಕೂತ ಹಾಗೆ ಮೆಲ್ಲಗೆ ಇಳಿಯಬೇಕು. ಹೆಬ್ಬೆರಳು ತೆಗೆದರೆ ತಟ್ಟನೆ ಕೆಳಗೆ ಬೀಳಬೇಕು. ಎರಡೂ ಆದರೆ ನಿಮ್ಮ ಎಂಜಿನ್ ತಿರುಗುತ್ತದೆ. ತಿರುಗಿದ ದಿನ ಇಲ್ಲಿ ಒಂದು ವಿಡಿಯೋ ಹಾಕಿ.