‘ಕಾಂಪಿಟಿಟಿವ್ ಇಂಟೆಲಿಜೆನ್ಸ್’ಗೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ನಿರ್ವಹಣಾಶಾಸ್ತ್ರದ ಪಠ್ಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕಾಂಪಿಟಿಟಿವ್ ಇಂಟೆಲಿಜೆನ್ಸ್’ ಬಂದಲ್ಲಿ ಮೂರು ದಿನದಿಂದ ಕೆಲಸ ನಿಂತಿದೆ. ಎದುರಾಳಿ ಕಂಪನಿಗಳ ಸುದ್ದಿ ಕಲೆಹಾಕಿ, ಅವುಗಳ ಮುಂದಿನ ನಡೆಯನ್ನು ಅಂದಾಜಿಸುವುದಕ್ಕೆ ಈ ಹೆಸರು. ಹಿಂದಿನ ಕರಡಿನಲ್ಲಿ ಯಾರೋ ‘ಸ್ಪರ್ಧಾತ್ಮಕ ಬುದ್ಧಿಮತ್ತೆ’ ಎಂದು ಬರೆದಿಟ್ಟಿದ್ದಾರೆ. ‘ಸ್ಪರ್ಧಾತ್ಮಕ’ ಎಂದೊಡನೆ ಓದುಗರಿಗೆ ಪರೀಕ್ಷೆ ನೆನಪಾಗುತ್ತದೆ, ‘ಬುದ್ಧಿಮತ್ತೆ’ ಎಂದರೆ ಈಗ ಕೃತಕ ಬುದ್ಧಿಮತ್ತೆ. ಹೇಳಬೇಕಾದ ಮಾತಿಗೂ ಇವೆರಡಕ್ಕೂ ಸಂಬಂಧವಿಲ್ಲ.

ಇಂಗ್ಲಿಷಿನ ‘ಇಂಟೆಲಿಜೆನ್ಸ್’ಗೆ ಜಾಣತನ ಒಂದು ಅರ್ಥ, ಸುದ್ದಿ ಸಮಾಚಾರ ಇನ್ನೊಂದು. ಸೇನೆ, ಪೊಲೀಸರ ಬಳಕೆ ಎರಡನೆಯದು. ಆ ದಾರಿ ಹಿಡಿದರೆ ‘ಬೇಹುಗಾರಿಕೆ’ ಸಿಗುತ್ತದೆ. ಬೇಹು ನನಗೆ ತುಂಬ ಇಷ್ಟದ ಪದ; ತಮಿಳಿನ ವೇವು, ತೆಲುಗಿನ ವೇಗು ಅದರ ಒಡಹುಟ್ಟುಗಳು. ಆದರೆ ಅದನ್ನು ಇಲ್ಲಿ ಹಾಕಿದರೆ ಅರ್ಥವೇ ಕೆಡುತ್ತದೆ. ಅದೇ ಪುಟದಲ್ಲಿ, ವ್ಯಾಪಾರದ ಗುಟ್ಟು ಕದಿಯುವುದನ್ನು ಅಪರಾಧವೆಂದು ಸಾರಿದ ಅಮೆರಿಕದ 1996ರ ಕಾನೂನಿನ ಮಾತು ಬರುತ್ತದೆ. ಬೇಹುಗಾರಿಕೆ ಎಂಬ ಪದ ಅಲ್ಲಿಗೆ ಬೇಕು.

ಕಂಪನಿಗಳು ಮಾಡುವುದು ಬಹುಪಾಲು ಬಹಿರಂಗ ಕೆಲಸ. ಎದುರಾಳಿಯ ವಾರ್ಷಿಕ ವರದಿ ಓದುತ್ತಾರೆ, ಸರಕನ್ನು ಕೊಂಡು ಬಿಚ್ಚಿ ನೋಡುತ್ತಾರೆ, ಸಾಮಾನ್ಯವಾಗಿ ಸಲ್ಲಿಸಿದ 18 ತಿಂಗಳಿಗೆ ಪ್ರಕಟವಾಗುವ ಪೇಟೆಂಟ್ ಅರ್ಜಿಗಳನ್ನು ಜಾಲಾಡುತ್ತಾರೆ. ಪೆಟ್ರೋಲಿನಲ್ಲಿ ಓಡುವ ಹುಲ್ಲು ಕತ್ತರಿಸುವ ಯಂತ್ರಗಳನ್ನಷ್ಟೇ ಮಾಡುತ್ತಿದ್ದ ಕಂಪನಿ ಇದ್ದಕ್ಕಿದ್ದಂತೆ ‘ಬ್ಯಾಟರಿ ಎಂಜಿನಿಯರುಗಳು ಬೇಕಾಗಿದ್ದಾರೆ’ ಎಂದು ಜಾಹೀರಾತು ಕೊಟ್ಟಿತು ಎನ್ನಿ. ಚಾರ್ಜರ್ ಕುರಿತ ಅದರ ಪೇಟೆಂಟ್ ಅರ್ಜಿಯೊಂದೂ ಹೊರಬಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟವನಿಗೆ ಅವರ ಮುಂದಿನ ನಡೆ ಕಾಣುತ್ತದೆ, ತಮ್ಮ ಹೊಸ ಮಾಡೆಲ್ ಬೇಗ ತರಬೇಕೇ ಎಂದು ಯೋಚಿಸುತ್ತಾನೆ. ಜಾಹೀರಾತು, ಅರ್ಜಿ ಇವು ಮಾಹಿತಿ. ಅವುಗಳಿಂದ ಕಟ್ಟಿದ ಅಂದಾಜು ಇಂಟೆಲಿಜೆನ್ಸ್. ಹಾಗಾಗಿ ‘ಎದುರಾಳಿ ಮಾಹಿತಿ’ ಎಂದು ಬರೆದು ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ.

ಗಡಿಯಲ್ಲಿ ನಿಲ್ಲುವ ಪ್ರಸಂಗಗಳೂ ಇವೆ. 2001ರಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ನೇಮಿಸಿಕೊಂಡಿದ್ದವರು ಎದುರಾಳಿ ಕಂಪನಿ ಯೂನಿಲಿವರ್‌ನ ಕಸ ಕೆದಕಿ ಕಾಗದಪತ್ರ ಎತ್ತಿದ್ದು ಬಯಲಾಯಿತು. ಕಾನೂನು ಮುರಿದಿಲ್ಲ, ಆದರೆ ನಮ್ಮದೇ ನಿಯಮ ಮೀರಿದೆ ಎಂದು ಕಂಪನಿ ಒಪ್ಪಿತು. ಯೂನಿಲಿವರ್‌ಗೆ ವಿಷಯ ತಿಳಿಸಿದ್ದೂ ಆ ಕಂಪನಿಯೇ. ಇದನ್ನು ಬೇಹುಗಾರಿಕೆ ಎನ್ನಲು ನಾನು ಹಿಂಜರಿಯುವುದಿಲ್ಲ. ನಿಮಗೆ ಬೇರೆ ಅನ್ನಿಸಿದರೆ ಹೇಳಿ.

‘ವರ್ತಮಾನ’ ಪದದ ಸುದ್ದಿ ಎಂಬ ಹಳೆಯ ಅರ್ಥ ಇಲ್ಲಿಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ‘ಪೈಪೋಟಿ ವರ್ತಮಾನ’ ಎಂದರೆ ಈಗಿನ ಓದುಗರು ವರ್ತಮಾನಕಾಲಕ್ಕೆ ಹೋಗುತ್ತಾರೆ. ‘ಸುಳಿವು’ ಎಂದರೆ ಬಿಡಿ ಸಂಗತಿ, ಕಟ್ಟಿದ ಅಂದಾಜಲ್ಲ. ‘ಒಳನೋಟ’ ಯಾವುದಕ್ಕೂ ಅಂಟಿಕೊಳ್ಳುತ್ತದೆ. ಸದ್ಯಕ್ಕೆ ‘ಎದುರಾಳಿ ನಡೆಯರಿವು’ ಎಂದು ಬರೆದುಕೊಂಡಿದ್ದೇನೆ. ಚದುರಂಗದ ‘ನಡೆ’ ಇಲ್ಲಿ ಕೂರುತ್ತದೆ, ‘ಅರಿವು’ ಕಳ್ಳತನದ ನೆರಳಿಲ್ಲದ ಪದ. ತೊಡಕಿರುವುದು ಕ್ರಿಯಾಪದದಲ್ಲಿ: ಮಾಹಿತಿ ಸಂಗ್ರಹಿಸಬಹುದು, ಅರಿವನ್ನು ಸಂಗ್ರಹಿಸುವುದು ಹೇಗೆ? ‘ಪಡೆ’, ‘ಕಟ್ಟು’ ಎರಡನ್ನೂ ಹಾಕಿ ನೋಡಿದೆ. ‘ಕಟ್ಟು’ ಸ್ವಲ್ಪ ಮೇಲು.

ಪರೀಕ್ಷೆಗೆ ಪಠ್ಯದ ಒಂದು ವಾಕ್ಯ: ‘ಮಾರಾಟ ವಿಭಾಗದವರು ತಂದ ಸುದ್ದಿಯಿಂದ ಕಂಪನಿ ತನ್ನ ಎದುರಾಳಿ ನಡೆಯರಿವನ್ನು ಕಟ್ಟಿಕೊಳ್ಳುತ್ತದೆ.’ ಓದುವಾಗ ಎಲ್ಲಿ ತಡವರಿಸಿದಿರಿ?