ಕಡಿಮೆ ದುಡ್ಡಿಗೆ ಲೈಟ್ ಮೀಟರ್: ಈ ಹಳೇದನ್ನು ತಗೊಳ್ಳಲಾ?

ಹನ್ನೆರಡುಫ್ರೇಮ್:
ನನ್ನ ಹತ್ತಿರ ಯಾಶಿಕಾ ಡಿ ಇದೆ. ಎರಡು ಲೆನ್ಸಿನ ಹಳೇ ಕ್ಯಾಮೆರಾ, ಒಳಗೆ ಬೆಳಕು ಅಳೆಯುವ ಮೀಟರ್ ಇಲ್ಲ. 120 ರೋಲಿಗೆ ಸಿಗುವುದೇ 12 ಫೋಟೋ. ಇಷ್ಟು ದಿನ ‘ಸನ್ನಿ 16’ ಲೆಕ್ಕದಲ್ಲೇ ಓಡಿಸಿದೆ. ಒಳ್ಳೇ ಬಿಸಿಲಿದ್ದರೆ ಲೆನ್ಸಿನ ಕಿಂಡಿ ಎಫ್/16, ಫಿಲಂ ಐಎಸ್‌ಒ (ಬೆಳಕಿಗೆ ಅದು ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100 ಆದರೆ ಶಟರ್ 1/125 ಸೆಕೆಂಡ್. ಹೊರಗೆ ಇದು ಕೈಕೊಟ್ಟಿಲ್ಲ.

ಕಳೆದ ರೋಲಿನಲ್ಲಿ ಕಿಟಕಿ ಪಕ್ಕ ಕೂತ ಅಜ್ಜಿಯ 4 ಫೋಟೋ ತೆಗೆದೆ. ಬೆಳಕು ಸಾಲದೆ ನಾಲ್ಕೂ ನೆಗೆಟಿವ್ ಬರೀ ಗಾಜಿನ ಹಾಗೆ ಬಂದವು. ಕಣ್ಣು ಒಳಗಿನ ಬೆಳಕಿಗೆ ಒಗ್ಗಿಬಿಡುತ್ತದೆ, ಎಷ್ಟು ಕಡಿಮೆ ಇದೆ ಅಂತ ಗೊತ್ತೇ ಆಗುವುದಿಲ್ಲ.

ಒಂದು ಹಳೇ ಸೆಲೆನಿಯಂ ಮೀಟರ್ ಅಗ್ಗಕ್ಕೆ ಸಿಗುತ್ತಿದೆ. ಬೆಳಕು ಬಿದ್ದರೆ ಸೆಲೆನಿಯಂ ತಾನೇ ಕರೆಂಟ್ ಕೊಡುತ್ತದೆ, ಬ್ಯಾಟರಿ ಬೇಡ, ಸೂಜಿ ಚೆನ್ನಾಗಿ ಆಡುತ್ತದೆ. ತಗೊಳ್ಳಲಾ? ಫ್ಲ್ಯಾಶ್ ನಾನು ಬಳಸುವುದಿಲ್ಲ.

ಸೂಜಿರಾಯ:
ಸೂಜಿ ಆಡುವುದು ಬೇರೆ, ನಿಜ ಹೇಳುವುದು ಬೇರೆ. ನಾನೂ ಹೀಗೇ ಒಂದಕ್ಕೆ ಮರುಳಾಗಿದ್ದೆ. ಚರ್ಮದ ಚೀಲ ಬೇರೆ ಇತ್ತು, ಒಡವೆ ಇಟ್ಟ ಹಾಗೆ ಇಟ್ಟಿದ್ದೆ. ಬಿಸಿಲಲ್ಲಿ ಸರಿ ಹೇಳುತ್ತಿತ್ತು. ನೆರಳಿಗೆ ಬಂದರೆ ಇರುವುದಕ್ಕಿಂತ ಎರಡು ಸ್ಟಾಪ್ ಕಡಿಮೆ ಬೆಳಕು ತೋರಿಸುತ್ತಿತ್ತು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಇಲ್ಲವೇ ದುಪ್ಪಟ್ಟು). ಅದನ್ನು ನಂಬಿ ಬೆಳಕು ಜಾಸ್ತಿ ಬಿಟ್ಟು ನೆಗೆಟಿವ್ ಎಲ್ಲ ಕಪ್ಪು ಕಪ್ಪು. ಸೆಲೆನಿಯಂ ವಯಸ್ಸಾದ ಹಾಗೆ ಸೊರಗುತ್ತದೆ. ಹೊಸದಿದ್ದಾಗಲೂ ಮಂದ ಬೆಳಕು ಅದಕ್ಕೆ ಸಾಲದು. ನಿಮಗೆ ಬೇಕಿರುವುದೇ ಮಂದ ಬೆಳಕಿನ ಲೆಕ್ಕ, ಅಲ್ವಾ?

ಮುಂದೆ ಗೊಸೆನ್ ಲೂನಾಸಿಕ್ಸ್ ಥರದ ಬ್ಯಾಟರಿ ಮೀಟರ್ ಕಣ್ಣಿಗೆ ಬೀಳುತ್ತದೆ. ಒಳ್ಳೇದೇ, ಆದರೆ ಅದರ ಹಳೇ ಮಾದರಿ ಮಾಡಿರುವುದು 1.35 ವೋಲ್ಟಿನ ಪಾದರಸದ ಸೆಲ್ಲಿಗೆ. ಅದು ಈಗ ಬರುವುದಿಲ್ಲ. 1.5 ವೋಲ್ಟಿನ ಸೆಲ್ ಹಾಕಿದರೆ ಲೆಕ್ಕ ತಪ್ಪುತ್ತದೆ.

ನಾನಾದರೆ ಸೆಕೆಂಡ್ ಹ್ಯಾಂಡ್ ಸೆಕಾನಿಕ್ ಎಲ್-308ಎಸ್ ಮೀಟರ್ ಹುಡುಕುತ್ತೇನೆ. ಒಂದೇ ಒಂದು ಎಎ ಸೆಲ್ ಸಾಕು, ಇವಿ 0 ತನಕ ಅಳೆಯುತ್ತದೆ (ಇವಿ ಬೆಳಕಿನ ಅಳತೆ, ಅಂಕಿ ಚಿಕ್ಕದಾದಷ್ಟೂ ಬೆಳಕು ಮಂದ). ಎಲ್-208 ಇನ್ನೂ ಚಿಕ್ಕದು, ಮುದ್ದಾಗಿದೆ, ಸೂಜಿಯೂ ಇದೆ. ಆದರೆ ಅದು ಇವಿ 3ಕ್ಕೇ ನಿಂತುಬಿಡುತ್ತದೆ.

ಜೇಬುಗಳ್ಳ:
ಕೈಯಲ್ಲಿ ಫೋನ್ ಇರುವಾಗ ಸುಮ್ನೆ ಯಾಕೆ ಖರ್ಚು? ಮೀಟರ್ ಆ್ಯಪ್ ಹಾಕಿಕೊಳ್ಳಿ. ನೆಗೆಟಿವ್ ಫಿಲಂ ಒಂದು ಸ್ಟಾಪ್ ಜಾಸ್ತಿ ಬೆಳಕು ಬಿದ್ದರೂ ತಡೆದುಕೊಳ್ಳುತ್ತದೆ. ನಾನು ಎರಡು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ.

ಸೂಜಿರಾಯ:
ಒಪ್ಪಿದೆ, ಶುರುಮಾಡಲು ಆ್ಯಪ್ ಸಾಕು. ಆದರೆ ಫೋನ್ ಅಳೆಯುವುದು ವಸ್ತುವಿನಿಂದ ವಾಪಸ್ ಬರುವ ಬೆಳಕನ್ನು. ಎದುರಿಗಿರುವುದೆಲ್ಲ ನಡು ಬೂದು ಬಣ್ಣ ಅಂತ ಅದು ನಂಬಿರುತ್ತದೆ. ಚೌಕಟ್ಟಿನಲ್ಲಿ ಕಿಟಕಿ ಬಂತೋ, ಅಜ್ಜಿ ಮುಖ ಕತ್ತಲೆ. 308ರ ಬಿಳಿ ಗುಮ್ಮಟ ಅಜ್ಜಿಯ ಮೇಲೆ ಬೀಳುವ ಬೆಳಕನ್ನೇ ಅಳೆಯುತ್ತದೆ. ಕೂದಲು ಬಿಳಿ ಇರಲಿ, ಸೀರೆ ಕಪ್ಪಿರಲಿ, ಅದಕ್ಕೆ ಲೆಕ್ಕವಿಲ್ಲ. ನಾನು ದುಡ್ಡು ಕೊಟ್ಟಿದ್ದು ಆ ಗುಮ್ಮಟಕ್ಕೆ, ಮಿಕ್ಕಿದ್ದೆಲ್ಲ ಆ್ಯಪಿನಲ್ಲೂ ಇದೆ.

ಯಾವ ಹಳೇ ಮೀಟರ್ ಆದರೂ ತಗೊಳ್ಳುವ ಮೊದಲು ಪರೀಕ್ಷೆ ಮಾಡಿ. ಡಿಜಿಟಲ್ ಕ್ಯಾಮೆರಾ ಜೊತೆಗಿಟ್ಟುಕೊಂಡು ಒಂದೇ ಬಣ್ಣದ ಗೋಡೆಯನ್ನು ಎರಡರಿಂದಲೂ ಅಳೆಯಿರಿ. ಮೀಟರಿಗೆ ಗುಮ್ಮಟ ಇದ್ದರೆ ಸರಿಸಿ ಅಳೆಯಬೇಕು, ಕ್ಯಾಮೆರಾ ಅಳೆಯುವುದೂ ವಾಪಸ್ ಬರುವ ಬೆಳಕನ್ನೇ. ಬಿಸಿಲು, ನೆರಳು, ಮನೆಯೊಳಗೆ, ಮೂರು ಕಡೆ. ಎಲ್ಲ ಕಡೆ ಒಂದೇ ಅಳತೆಯಲ್ಲಿ ತಪ್ಪಿದರೆ ಚಿಂತೆಯಿಲ್ಲ, ಮೀಟರಿನ ಐಎಸ್‌ಒ ಬದಲಿಸಿದರೆ ಸರಿಹೋಗುತ್ತದೆ. ಒಂದೊಂದು ಕಡೆ ಒಂದೊಂದು ಥರ ತಪ್ಪಿದರೆ ಇಟ್ಟು ಬನ್ನಿ.

ಹನ್ನೆರಡುಫ್ರೇಮ್:
ಇಟ್ಟು ಬಂದೆ! ಬಿಸಿಲಲ್ಲಿ ಸರಿಸುಮಾರು ಹೊಂದಿತು. ನೆರಳಲ್ಲಿ ಒಂದೂವರೆ ಸ್ಟಾಪ್ ಆಚೀಚೆ. ಒಳಗೆ ಬಂದರೆ ಸೂಜಿ ಮಲಗಿಯೇಬಿಟ್ಟಿತು. ಈ ರೋಲಿಗೆ ಆ್ಯಪ್, ಅಷ್ಟರಲ್ಲಿ 308 ಹುಡುಕುತ್ತೇನೆ. ಗುಮ್ಮಟ ಹಿಡಿಯುವುದು ಕಿಟಕಿ ಕಡೆಗಾ, ಕ್ಯಾಮೆರಾ ಕಡೆಗಾ?

ಸೂಜಿರಾಯ:
ಕ್ಯಾಮೆರಾ ಕಡೆಗೆ. ಅಜ್ಜಿಯ ಗಲ್ಲದ ಹತ್ತಿರ ಹಿಡಿಯಿರಿ, ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ.