ಫೋನ್ ಕಿತ್ತುಕೊಂಡರೆ ಕಾಟ ನಿಲ್ಲುತ್ತದಾ?

ರೇಖಾ, ಹಾಸನ: ಮಗಳು ಒಂಬತ್ತನೇ ಕ್ಲಾಸು. ಮೂರು ತಿಂಗಳಿಂದ ಫೋನ್ ಕೆಳಗಿಡುತ್ತಿರಲಿಲ್ಲ, ರಾತ್ರಿ ಎರಡು ಗಂಟೆಗೆ ಎದ್ದು ಹೊದಿಕೆಯೊಳಗೆ ನೋಡುತ್ತಿದ್ದಳು. ಚಟ ಅಂತ ಬೈದೆ. ಹೋದ ವಾರ ವಿಷಯ ಗೊತ್ತಾಯಿತು. ಕ್ಲಾಸಿನ ಹುಡುಗಿಯರು ಇವಳನ್ನು ಬಿಟ್ಟು ಬೇರೆ ವಾಟ್ಸಾಪ್ ಗ್ರೂಪ್ ಮಾಡಿಕೊಂಡು, ಇವಳು ಬಾಯಿ ತೆರೆದು ಊಟ ಮಾಡುವ ಫೋಟೋವನ್ನು ಸ್ಟಿಕ್ಕರ್ ಮಾಡಿದ್ದಾರೆ. ಗೆಳತಿಯೊಬ್ಬಳು ಅಲ್ಲಿಂದ ಸ್ಕ್ರೀನ್‌ಶಾಟ್ ಕಳಿಸುತ್ತಾಳೆ. ಇವತ್ತು ಏನು ಹಾಕಿದರು ಅಂತ ನೋಡಲು ಇವಳು ಏಳುತ್ತಿದ್ದಳು. ಫೋನ್ ಕಿತ್ತುಕೊಳ್ಳಲಾ?

ಗಿರೀಶ್: ಬೇಜಾರಾಯಿತು ಮೇಡಂ. ನನ್ನ ಪ್ರಕಾರ ಕೊಡಲೇಬಾರದಿತ್ತು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷ ತುಂಬದವರಿಗೆ ಇನ್‌ಸ್ಟಾಗ್ರಾಂ, ಟಿಕ್‌ಟಾಕ್ ಖಾತೆ ಇಲ್ಲ ಅಂತ ಮಾಡಿದ್ದಾರೆ. ನಮ್ಮಲ್ಲೂ ಬರಲಿ.

ಹೈಸ್ಕೂಲ್ ಮೇಷ್ಟ್ರು: ಗಿರೀಶ್ ಸರ್, ಆ ನಿಷೇಧ ವಾಟ್ಸಾಪ್‌ಗೆ ಇಲ್ಲ, ರೇಖಾ ಮೇಡಂ ಮಗಳಿಗೆ ಕಾಟ ನಡೆಯುತ್ತಿರುವುದು ಅಲ್ಲೇ ಅಲ್ವಾ? ನಾನು ನೋಡಿದ ಹಾಗೆ ಜಗಳ ಹುಟ್ಟುವುದು ಬೆಂಚಿನಲ್ಲಿ, ರಾತ್ರಿ ಗ್ರೂಪಿನಲ್ಲಿ ಬೆಳೆಯುತ್ತದೆ, ಬೆಳಿಗ್ಗೆ ಪ್ರಾರ್ಥನೆ ಸಾಲಿನಲ್ಲಿ ಮತ್ತೆ ಕಿಸಕ್ಕನೆ ನಗು. ವಿಶ್ವ ಆರೋಗ್ಯ ಸಂಸ್ಥೆ ಯುರೋಪ್, ಮಧ್ಯ ಏಷ್ಯಾ, ಕೆನಡಾದ 11, 13, 15 ವರ್ಷದ ಮಕ್ಕಳನ್ನು ಕೇಳಿತ್ತು. ಸೋಶಿಯಲ್ ಮೀಡಿಯಾ ಬಿಡಲಾಗದೆ ಒದ್ದಾಡುವವರು 2018ರಲ್ಲಿ ನೂರಕ್ಕೆ 7 ಇದ್ದವರು 2022ಕ್ಕೆ 11 ಆದರು. ಆನ್‌ಲೈನ್ ಕಾಟ ಆರರಲ್ಲಿ ಒಬ್ಬರಿಗೆ. ಎಷ್ಟು ಗಂಟೆ ನೋಡಿದರು ಅನ್ನುವುದೊಂದೇ ಲೆಕ್ಕ ಅಲ್ಲ ಸರ್. ಫೋನ್ ಇಲ್ಲದಿದ್ದರೆ ಚಡಪಡಿಕೆ, ಮನೆಯಲ್ಲಿ ಸುಳ್ಳು, ಬೇರೆ ಯಾವುದರಲ್ಲೂ ಮನಸ್ಸಿಲ್ಲ, ಇದನ್ನು ನೋಡಬೇಕು.

ನವ್ಯಾ: ಕಾಟ ಕೊಡುವವರಿಗೂ ಇದೇ ಚಟ ಇರುತ್ತದೆ. ಎಂಟನೇ ಕ್ಲಾಸಿನಲ್ಲಿ ನಾನೇ ಒಬ್ಬಳ ಮೇಲೆ ಇನ್‌ಸ್ಟಾ ಸ್ಟೋರಿಯಲ್ಲಿ ಪೋಲ್ ಹಾಕಿದ್ದೆ, ಅವಳ ಕೂದಲಿನ ಬಗ್ಗೆ. ಓಟು ಎಷ್ಟು ಬಂತು ಅಂತ ಬಾತ್‌ರೂಮಿಗೂ ಫೋನ್ ತೆಗೆದುಕೊಂಡು ಹೋಗುತ್ತಿದ್ದೆ. ಅವಳು ಸ್ಕೂಲೇ ಬಿಟ್ಟಳು. ಈಗಲೂ ನೆನೆದರೆ ಹೊಟ್ಟೆ ಹಿಂಡುತ್ತದೆ.

ಗಿರೀಶ್: ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಮಗ ಕಾಟ ಕೊಡುವವನಾ, ಅನುಭವಿಸುವವನಾ ಅಂತಲೂ ನಾನು ಕೇಳಿಲ್ಲ.

ಹೈಸ್ಕೂಲ್ ಮೇಷ್ಟ್ರು: ಮೇಡಂ, ಫೋನ್ ಕಿತ್ತುಕೊಂಡರೆ ಸ್ಟಿಕ್ಕರ್ ನಿಲ್ಲುವುದಿಲ್ಲ, ಅವಳು ನಿಮಗೆ ಹೇಳುವುದು ನಿಲ್ಲುತ್ತದೆ. ಆ ಸ್ಕ್ರೀನ್‌ಶಾಟ್ ಅಳಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಚಟ ಕೈ ಮೀರಿದೆ ಅನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಂತಲೇ ಶಟ್ ಕ್ಲಿನಿಕ್ ಇದೆ.

ರೇಖಾ, ಹಾಸನ: ನಾಳೆ ಸ್ಕೂಲಿಗೆ ಹೋಗೋಣ ಅಂದರೆ ಬೇಡ ಅಂತಾಳೆ. ಚಾಡಿ ಹೇಳಿದಳು ಅಂತ ಇನ್ನೂ ಜಾಸ್ತಿ ಮಾಡುತ್ತಾರಂತೆ.

ನವ್ಯಾ: ಅಕ್ಕ, ಅವಳ ಭಯ ಸುಳ್ಳಲ್ಲ. ಸೀದಾ ಹೋಗಬೇಡಿ. ಯಾವ ಟೀಚರ್ ಹತ್ತಿರ ಹೇಳಿದರೆ ಪರವಾಗಿಲ್ಲ ಅಂತ ಮೊದಲು ಅವಳನ್ನೇ ಕೇಳಿ.